ಹಡಗಿನಲ್ಲಿ ಬಾರದ್ದು

ಮಣಿಗುಡ್ಡದ ರಾಣಿ ಪದ್ಮಲದೇವಿ ಊರೂರಿಗೆ ಡಂಗುರ ಹೊಡೆಸಿದಳು: "ಸೇನಾಪತಿ ಪಟ್ಟ ತೆರವಾಗಿದೆ. ರಾಣಿಯವರ ಮೂರು ಒಗಟು ಬಿಡಿಸಿದವನಿಗೆ ಆ ಪಟ್ಟ, ಜೊತೆಗೆ ಅರ್ಧ ರಾಜ್ಯ. ತಪ್ಪು ಹೇಳಿದವನು ಅಂದೇ ಹೊಳೆಗಡಿಗೆ ಹೋಗಿ ಎಲ್ಲಕ್ಕಿಂತ ಮುಂದಿನ ಟ್ಯಾಂಕಿನಲ್ಲಿ ಕೂರತಕ್ಕದ್ದು."

ಡಂಗುರದವನ ದನಿಯೂ ಸೋತಿತ್ತು. ಹೊಳೆಯಾಚೆಯ ರಾಜ್ಯದೊಡನೆ ಯುದ್ಧ ಹತ್ತಿ ಏಳನೆಯ ವರ್ಷ ಅದು. ಮೂರನೆಯ ವರ್ಷ ಮಿತ್ರರಾದ ಅಮೆರಿಕದವರು ಹಡಗುಗಟ್ಟಲೆ ಟ್ಯಾಂಕು, ಜೀಪು ಕಳಿಸಿದ್ದರು. ಬಂದರಿನಲ್ಲಿ ಜನ ಅವಕ್ಕೆ ಕುಂಕುಮ ಹಚ್ಚಿ, ಈ ಬೇಸಿಗೆಗೆ ಯುದ್ಧ ಮುಗಿಯಿತು ಅಂದುಕೊಂಡರು. ಮುಗಿಯಲಿಲ್ಲ. ರಾಣಿಯ ಇಬ್ಬರು ಗಂಡುಮಕ್ಕಳೂ ಟ್ಯಾಂಕಿನೊಳಗೇ ಸುಟ್ಟುಹೋದರು.

ಪಟ್ಟದ ಆಸೆಗೆ ಮೂವರು ಬಂದರು. ರಾಣಿ ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳಿದಳು.

ಮೊದಲು ಬಂದವನು ಪಾಳೇಗಾರನ ಮಗ. ತನ್ನ ದಾರಿಯನ್ನು ತಾನೇ ಹಾಸಿಕೊಂಡು ನಡೆದು, ನಡೆದ ಮೇಲೆ ತಾನೇ ಸುತ್ತಿಕೊಂಡು ಹೋಗುವುದು ಯಾವುದು ಎಂದು ಕೇಳಿದಾಗ ಅವನು ಜೇಡ ಅಂದ. ರಾಣಿ ಅಲ್ಲವೆಂದು ತಲೆಯಾಡಿಸಿದಳು. ಮಧ್ಯಾಹ್ನಕ್ಕೇ ಜೀಪು ಅವನನ್ನು ಹೊಳೆಗಡಿಗೆ ಒಯ್ದಿತು.

ಮಂತ್ರಿಯ ಅಳಿಯ ಆ ಒಗಟನ್ನು ದಾಟಿದ. ಎರಡನೆಯದು, ಕೊಟ್ಟವರ ಮನೆ ಬರಿದಾಗದ, ಪಡೆದವರ ಮನೆ ಎಂದೂ ತುಂಬದ ಉಡುಗೊರೆ ಯಾವುದು ಎಂಬುದು. ಅವನು ವಿದ್ಯೆ ಅಂದ. ಅವನೂ ಹೋದ.

ಮೂರನೆಯವನು ಕುದುರೆಪಡೆಯ ನಾಯಕ. ಎರಡನ್ನೂ ಬಿಡಿಸಿದ ಅವನಿಗೆ ರಾಣಿ ಕೊನೆಯದನ್ನು ಕೇಳಿದಳು: ಹಡಗಿನಲ್ಲಿ ಎಲ್ಲವೂ ಬಂತು, ಒಂದು ಮಾತ್ರ ಬರಲಿಲ್ಲ, ಎಷ್ಟು ಬೇಡಿದರೂ ಬರುವುದಿಲ್ಲ, ಯಾವುದದು? ನಾಯಕ ಗೆಲುವು ಅಂದ. ಅದನ್ನೂ ಕಳಿಸುತ್ತೇವೆಂದು ಅಮೆರಿಕದವರು ಕಾಗದ ಬರೆದಿದ್ದಾರಪ್ಪ ಎಂದು ರಾಣಿ ನಿಟ್ಟುಸಿರು ಬಿಟ್ಟಳು. ಅವನೂ ಹೋದ.

ಆಮೇಲೆ ಹದಿನೈದು ದಿನ ಯಾರೂ ಬರಲಿಲ್ಲ. ಹದಿನಾರನೆಯ ದಿನ ಕಮ್ಮಾರರ ಬೊಮ್ಮಣ್ಣ ಬಂದ. ಗಡಿಯಿಂದ ಎಳೆದು ತಂದ ಟ್ಯಾಂಕುಗಳ ಒಳಗನ್ನು ತೊಳೆದು, ಮುರಿದದ್ದನ್ನು ಬೆಸೆದು ಮತ್ತೆ ಕಳಿಸುವುದು ಅವನ ಕೆಲಸ. ಮೈಯೆಲ್ಲ ಗ್ರೀಸು. ಸೇನಾಪತಿ ಆಗುವ ಆಸೆಯೇ ಎಂದು ರಾಣಿ ಕೇಳಿದಳು. ಇಲ್ಲ, ತೊಳೆದು ತೊಳೆದು ಸಾಕಾಗಿದೆ ಅಂದ.

ಮೊದಲನೆಯದಕ್ಕೆ ಅವನು ಯೋಚಿಸಲೂ ಇಲ್ಲ. ಟ್ಯಾಂಕು, ಅದರ ಚಕ್ರಗಳ ಸುತ್ತಲಿನ ಕಬ್ಬಿಣದ ಪಟ್ಟಿಯೇ ಅದರ ದಾರಿ, ಮುಂದೆ ಹಾಸುತ್ತದೆ, ಹಿಂದೆ ಎತ್ತಿಕೊಳ್ಳುತ್ತದೆ ಎಂದು ಬಿಡಿಸಿ ಹೇಳಿದ. ಎರಡನೆಯದು ಗುಂಡು: ಕಳಿಸಿದವರ ಕಾರ್ಖಾನೆ ಬರಿದಾಗುವುದಿಲ್ಲ, ನಮ್ಮ ಉಗ್ರಾಣ ತುಂಬುವುದಿಲ್ಲ, ಬಂದದ್ದೆಲ್ಲ ಹೊಳೆಯಾಚೆ ಹೋಗಿ ಬೀಳುತ್ತದೆ.

ಮೂರನೆಯದಕ್ಕೆ ಅವನು ಗ್ರೀಸು ಹತ್ತಿದ ತನ್ನ ಅಂಗೈಗಳನ್ನು ನೋಡಿಕೊಂಡ.

"ಒಳಗೆ ಕೂರೋರು, ತಾಯಿ," ಅಂದ. "ಪಟ್ಟಿ ಹರಿದರೆ ಹೊಸದು ಬರುತ್ತೆ. ಎಂಜಿನ್ ಸುಟ್ಟರೆ ಇನ್ನೊಂದು ಬರುತ್ತೆ. ಒಂದೊಂದರಲ್ಲೂ ಐದು ಜನರ ಜಾಗ ಇದೆ. ಆ ಐದು ಜನರನ್ನ ನಾವೇ ಹೆರಬೇಕು."

ರಾಣಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮುಖ ಒರೆಸಿಕೊಂಡ ಮೇಲೆ ಪಟ್ಟದ ಕತ್ತಿಯನ್ನು ಅವನ ಕೈಗಿಟ್ಟು, ಅರ್ಧ ರಾಜ್ಯದ ಪತ್ರಕ್ಕೆ ಮುದ್ರೆ ಒತ್ತಿದಳು. ಮೊದಲ ಅಪ್ಪಣೆ ಏನು ಎಂದು ಕೇಳಿದಳು.

ಟ್ಯಾಂಕುಗಳು ನಿಂತಲ್ಲೇ ನಿಲ್ಲಲಿ, ಒಗಟಿಗೆ ಸೋತು ಹೋದ ಆ ಮೂವರನ್ನು ವಾಪಸು ಕರೆಸೋಣ ಅಂದ ಬೊಮ್ಮಣ್ಣ.

"ಹೊಳೆಯಾಚೆಯವರು ನಿಲ್ಲಿಸದಿದ್ದರೆ?"

"ಅಲ್ಲೂ ತೊಳೆಯೋನು ಒಬ್ಬ ಇರ್ತಾನೆ, ತಾಯಿ. ಅವನನ್ನ ಕೇಳಿ ನೋಡ್ತೀನಿ."

ಬಿಳಿ ಬಟ್ಟೆ ಕಟ್ಟಿದ ಜೀಪಿನಲ್ಲಿ ಅವನೇ ಹೊಳೆಗಡಿಗೆ ಹೋದ. ನಾಲ್ಕು ದಿನ ಮಾತುಕತೆ ನಡೆದು, ಐದನೆಯ ದಿನ ಎರಡೂ ದಂಡೆಯಲ್ಲಿ ಗುಂಡು ನಿಂತಿತು. ಮಂತ್ರಿಯ ಅಳಿಯನೂ ಕುದುರೆಪಡೆಯ ನಾಯಕನೂ ಬದುಕಿದ್ದರು. ಜೀಪು ಹತ್ತಿದ್ದೇ ತಡ ಒಬ್ಬರ ಮೇಲೊಬ್ಬರು ಒರಗಿ ನಿದ್ದೆಹೋದರು. ಪಾಳೇಗಾರನ ಮಗನ ಹೆಣ ಸಿಕ್ಕಿತು. ಬೊಮ್ಮಣ್ಣ ಅವನನ್ನು ಹೊಳೆಯಲ್ಲಿ ತೊಳೆದು, ಮಡಿಬಟ್ಟೆ ಹೊದಿಸಿ, ಅವನ ತಾಯಿಯ ಮನೆಗೆ ತಾನೇ ಒಯ್ದು ಒಪ್ಪಿಸಿದ. ಆಕೆ ಅವನಿಗೆ ಕುಡಿಯಲು ನೀರು ಕೊಟ್ಟಳು. ಅರ್ಧ ರಾಜ್ಯದ ಒಡೆಯ ಆ ಜಗಲಿಯ ಮೇಲೇ ಕೂತು ನೀರು ಕುಡಿದ.