ಎಡ ಚಕ್ರದ ಬಿಸಿ

ಶಿಷ್ಯ ಪಂಪಾಪತಿ ಗುರುಗಳನ್ನು ಕೇಳಿದ: “ಹತ್ತು ಜನರ ಎದುರು ಸರಿ ಎಂದು ಹೇಳಿಬಿಟ್ಟ ಮೇಲೆ ಅದು ತಪ್ಪೆಂದು ಗೊತ್ತಾದರೆ ಏನು ಮಾಡಬೇಕು? ಒಪ್ಪಿಕೊಂಡರೆ ಜನ ಮುಂದೆ ನಮ್ಮನ್ನು ನಂಬುತ್ತಾರೆಯೇ?”

ಗುರುಗಳು ಹೇಳತೊಡಗಿದರು.

ಬೆಟ್ಟದ ಮೇಲಿನ ಒಂದು ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಹಳೆಯ ಕಾರುಗಳ ಬ್ರೇಕ್ ಕೆಲಸದಲ್ಲಿ ಅವನನ್ನು ಮೀರಿಸುವವರು ಆ ಸೀಮೆಯಲ್ಲಿ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಅದೇ ಊರಿನ ವ್ಯಾಪಾರಿಯೊಬ್ಬನ ಬಳಿ ಅರವತ್ತು ವರ್ಷ ಹಳೆಯದಾದ ಒಂದು ಸ್ಪೋರ್ಟ್ಸ್ ಕಾರಿತ್ತು. ಇಬ್ಬರೇ ಕೂರುವ ಗಾಡಿ. ವರ್ಷಕ್ಕೊಮ್ಮೆ ಹಳೆಯ ಕಾರುಗಳೆಲ್ಲ ಸಾಲಾಗಿ ಘಾಟಿ ಇಳಿಯುವ ರೂಢಿ ಅಲ್ಲಿತ್ತು. ಈ ಸಲ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾನೂ ಇಳಿಯಬೇಕೆಂದು ವ್ಯಾಪಾರಿ ಆಸೆಪಟ್ಟ. ಆದರೆ ಬ್ರೇಕ್ ತುಳಿದರೆ ಕಾರಿನ ಹಿಂಭಾಗ ಒಂದು ಕಡೆಗೆ ಜಾರುತ್ತಿತ್ತು. ಕಾರನ್ನು ಮೆಕ್ಯಾನಿಕ್ಕನಿಗೆ ಒಪ್ಪಿಸಿದ.

ಮೆಕ್ಯಾನಿಕ್ ಹಿಂದಿನ ಚಕ್ರಗಳನ್ನು ಕಳಚಿದ. ಚಕ್ರದ ಜೊತೆ ತಿರುಗುವ ಬಟ್ಟಲಿನಂಥ ಬ್ರೇಕ್ ಡ್ರಮ್ ಎಡಗಡೆಯಲ್ಲಿ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸುತ್ತಿಗೆಯಿಂದ ಬಡಿದರೆ ಒಡೆಯುತ್ತದೆ, ಒಡೆದರೆ ಅಂಥದು ಇನ್ನೊಂದು ಸಿಗುವುದಿಲ್ಲ. ಎರಡು ದಿನ ಎಣ್ಣೆ ಬಿಟ್ಟು ಕಾದ. ಡ್ರಮ್ಮಿನ ಹಿಂಬದಿಯಲ್ಲಿ ಬ್ರೇಕ್ ಬಿಗಿಮಾಡುವ ತಿರುಪನ್ನು ಸಡಿಲಿಸಿದ. ಡ್ರಮ್ ಕೈಗೆ ಬಂತು. ಒಳಗೆ ಬ್ರೇಕ್ ಎಣ್ಣೆ ಸೋರಿ, ಡ್ರಮ್ಮನ್ನು ಒತ್ತಿ ಹಿಡಿಯುವ ಶೂಗಳು ನೆನೆದುಹೋಗಿದ್ದವು. ಸೋರುವುದನ್ನು ನಿಲ್ಲಿಸಿ, ಎರಡೂ ಕಡೆಗೆ ಹೊಸ ಶೂ ಹಾಕಿದ. ಒಂದೇ ಕಡೆ ಹಾಕಿದರೆ ಕಾರು ಮತ್ತೆ ಜಾರುತ್ತದೆ.

ಘಾಟಿ ಇಳಿಯುವ ದಿನ ಬೆಳಿಗ್ಗೆ ಊರ ಬೀದಿಯಲ್ಲಿ ಕಾರನ್ನು ಓಡಿಸಿ ನೋಡಿದರು. ತುಳಿದಲ್ಲಿ ನೆಟ್ಟಗೆ ನಿಂತಿತು. ಜನ ಚಪ್ಪಾಳೆ ತಟ್ಟಿದರು. ವ್ಯಾಪಾರಿ ಮೆಕ್ಯಾನಿಕ್ಕನ ಕೊರಳಿಗೆ ಹಾರ ಹಾಕಿದ.

“ಹೆದರದೆ ಘಾಟಿ ಇಳಿಯಿರಿ, ಸರಿಯಾಗಿದೆ,” ಎಂದ ಮೆಕ್ಯಾನಿಕ್, ಎಲ್ಲರಿಗೂ ಕೇಳುವ ಹಾಗೆ.

ವ್ಯಾಪಾರಿಯ ಹೆಂಡತಿ ಬಂದು ಕೂತಳು. ಮೆಕ್ಯಾನಿಕ್ ಸುಮ್ಮನೆ ಅಭ್ಯಾಸಬಲದಿಂದ ಬಗ್ಗಿ, ಚಕ್ರದ ಕಡ್ಡಿಗಳ ನಡುವೆ ಕೈ ತೂರಿಸಿ ಬಲಗಡೆಯ ಡ್ರಮ್ ಮುಟ್ಟಿದ. ಬೆಚ್ಚಗಿತ್ತು. ಎಡಗಡೆಯದನ್ನು ಮುಟ್ಟಿದ. ಸುಟ್ಟಿತು.

ಅವನಿಗೆ ಕೂಡಲೇ ತಿಳಿಯಿತು. ತುಳಿದ ಕಾಲು ತೆಗೆದ ಮೇಲೂ ಎಡಗಡೆಯ ಶೂ ಪೂರ್ತಿ ಹಿಂದೆ ಸರಿಯುತ್ತಿಲ್ಲ, ಡ್ರಮ್ಮಿಗೆ ಉಜ್ಜುತ್ತಲೇ ಇದೆ. ಊರೊಳಗೆ ಇದು ತಿಳಿಯುವುದೂ ಇಲ್ಲ. ಘಾಟಿಯ ಅರ್ಧ ಇಳಿಯುವಷ್ಟರಲ್ಲಿ ಡ್ರಮ್ ಕಾದು ಬ್ರೇಕ್ ಕೈಕೊಡುತ್ತದೆ.

“ಕಾರಿನಿಂದ ಇಳಿಯಿರಿ,” ಎಂದ. “ಮತ್ತೆ ಬಿಚ್ಚಬೇಕು.”

“ಈಗ ತಾನೇ ಸರಿಯಾಗಿದೆ ಎಂದೆಯಲ್ಲ!” ಎಂದ ವ್ಯಾಪಾರಿ. “ಸಾಲು ಹೊರಡುವ ಹೊತ್ತಾಯಿತು. ಎಲ್ಲರೂ ನೋಡುತ್ತಿದ್ದಾರೆ.”

“ಹೇಳಿದ್ದು ತಪ್ಪು. ನೋಡಲಿ.”

ವ್ಯಾಪಾರಿ ಇನ್ನೇನೋ ಹೇಳುವ ಮೊದಲೇ ಅವನ ಹೆಂಡತಿ ಬಾಗಿಲು ತೆಗೆದು ಇಳಿದಳು. “ಬಿಚ್ಚಲಿ ಬಿಡಿ. ಘಾಟಿ ಎಲ್ಲಿಗೂ ಓಡಿಹೋಗುವುದಿಲ್ಲ,” ಎಂದಳು.

ಮೆಕ್ಯಾನಿಕ್ ಹಾರ ತೆಗೆದಿಟ್ಟು, ನಡುಬೀದಿಯಲ್ಲೇ ಜಾಕ್ ಹಚ್ಚಿದ. ಡ್ರಮ್ ತೆಗೆದ. ಶೂವನ್ನು ಹಿಂದಕ್ಕೆಳೆಯುವ ಸ್ಪ್ರಿಂಗನ್ನು ಅವನ ಕೈಯೇ ಅದರ ತೂತು ಬಿಟ್ಟು ಪಕ್ಕದ ತೂತಿಗೆ ಸಿಕ್ಕಿಸಿತ್ತು. ಅದನ್ನು ಮುಚ್ಚಿಡದೆ ವ್ಯಾಪಾರಿಗೆ ತೋರಿಸಿದ. ಗುಂಪಿನಲ್ಲಿ ಯಾರೋ ನಕ್ಕರು. “ಇಷ್ಟು ವರ್ಷದ ಅನುಭವ ಇಷ್ಟೇನಾ?” ಎಂದ ನೋಡಲು ಬಂದಿದ್ದ ಇನ್ನೊಬ್ಬ ಮೆಕ್ಯಾನಿಕ್. ಇವನು ತಲೆ ಎತ್ತಲಿಲ್ಲ. ಸ್ಪ್ರಿಂಗನ್ನು ಅದರ ತೂತಿಗೆ ಸಿಕ್ಕಿಸಿ, ಡ್ರಮ್ ತಣಿಸಿ ಕೂರಿಸಿದ. ಕಾರನ್ನು ಮತ್ತೆ ಓಡಿಸಿ, ಎರಡೂ ಕಡೆ ಅಂಗೈ ಇಟ್ಟು ನೋಡಿದ. ಬಿಸಿ ಒಂದೇ ಸಮ ಇತ್ತು.

“ಈಗ ಹೋಗಿ,” ಎಂದ. ಮೊದಲು ಹೇಳಿದಷ್ಟೇ ಗಟ್ಟಿಯಾಗಿ ಹೇಳಿದ.

ಸಾಲು ಹೋಗಿ ಒಂದು ಗಂಟೆಯಾಗಿತ್ತು. ಗಂಡಹೆಂಡಿರು ಇಬ್ಬರೇ ಘಾಟಿ ಇಳಿದರು. ಪ್ರತಿ ತಿರುವಿನಲ್ಲೂ ಕಾರು ತುಳಿದಲ್ಲಿ ನಿಂತಿತು. ಎಲ್ಲರಿಗಿಂತ ಕೊನೆಗೆ, ಸುಖವಾಗಿ ಕೆಳಗೆ ಮುಟ್ಟಿದರು.

ಗುರುಗಳು ಕತೆ ನಿಲ್ಲಿಸಿದರು. ಪಂಪಾಪತಿ ಕಾದ. ಆಮೇಲೆ ತಡೆಯಲಾರದೆ ಕೇಳಿದ: “ಆ ನಂತರ ಊರಿನವರು ಅವನ ಬಗ್ಗೆ ಏನೆಂದರು?”

“ಅವನು ಕಾರಿನೊಳಗೆ ಕೂತವರನ್ನು ನೋಡಿದ, ಪಂಪಾಪತಿ, ನೀನು ಇನ್ನೂ ಸುತ್ತ ನಿಂತವರನ್ನೇ ನೋಡುತ್ತಿದ್ದೀಯೆ,” ಎಂದರು ಗುರುಗಳು.