ತವರುದಾರಿಯ ಜವನಯ್ಯ

ಬೆಟ್ಟಕ್ಕೆ ಹೆಸರಿತ್ತು, ಬೆಟ್ಟದೊಳಗಿನ ದಾರಿಗಳಿಗೆ ಇನ್ನೂ ಹೆಸರಿರಲಿಲ್ಲ. ಅಷ್ಟು ಹಿಂದಿನ ಮಾತು ಇದು. ಮುಗಿಲುಬೋರೆಯ ಬುಡದಲ್ಲಿ ಗೊರಸಿನದೊಡ್ಡಿ ಅಂತ ಒಂದು ಊರಿತ್ತು. ಬೋರೆ ಅಂದರೆ ನಮ್ಮ ಕಡೆ ಬೆಟ್ಟ. ದೊಡ್ಡಿ ಅಂದರೆ ದನ ಕೂಡುವ ಜಾಗ. ದನದ ಹಿಂದೆ ಬಂದ ಜನ ಅಲ್ಲೇ ನಿಂತರು, ಅದೇ ಊರಾಯಿತು. ಆ ಊರಲ್ಲಿ ಜವನಯ್ಯ ಅಂತ ಒಬ್ಬ ದನ ಕಾಯುವವನಿದ್ದನಂತೆ.

ಜವನಯ್ಯ ದಾರಿ ಹುಡುಕುವವನು. ದಾರಿ ಹುಡುಕುವುದು ಅಂದರೆ ದಾರಿ ಕಡಿಯುವುದಲ್ಲ, ಇದನ್ನು ಮೊದಲೇ ಬಿಡಿಸಿ ಹೇಳಬೇಕು. ಅವನ ಸೊಂಟದಲ್ಲಿ ಮಚ್ಚು ಇರುತ್ತಿತ್ತು, ಆದರೆ ಆ ಮಚ್ಚು ದಾರಿಗಾಗಿ ಒಂದು ಕೊಂಬೆಯನ್ನೂ ಕಡಿಯಲಿಲ್ಲವಂತೆ. ದಾರಿ ಬೆಟ್ಟದೊಳಗೆ ಮೊದಲೇ ಇರುತ್ತದೆ, ಆನೆಗೆ ಗೊತ್ತಿರುತ್ತದೆ, ಕಡವೆಗೆ ಗೊತ್ತಿರುತ್ತದೆ, ಮಳೆನೀರಿಗೆ ಗೊತ್ತಿರುತ್ತದೆ, ಮನುಷ್ಯನಿಗೆ ಮಾತ್ರ ಯಾರೂ ಹೇಳಿರುವುದಿಲ್ಲ ಅನ್ನುತ್ತಿದ್ದನಂತೆ. ತಪ್ಪಿಸಿಕೊಂಡ ಹಸುವಿನ ಹಿಂದೆ ಹೋಗಿ, ಹಸುವಿನ ಜೊತೆಗೆ ಒಂದು ದಾರಿಯನ್ನೂ ಹಿಡಿದುಕೊಂಡು ಬರುತ್ತಿದ್ದ.

ದಾರಿ ಸಿಕ್ಕಿದ ಕೂಡಲೇ ಅದಕ್ಕೊಂದು ಹೆಸರಿಡುತ್ತಿದ್ದ. ಯಾಕೆ ಹೆಸರು? ಹೆಸರಿಲ್ಲದ ದಾರಿಯನ್ನು ಇನ್ನೊಬ್ಬರ ಕೈಗೆ ಕೊಡಲಾಗುವುದಿಲ್ಲ, ಅದಕ್ಕೆ. ಅವನ ತಾಯಿ ಉಸಿರು ಸೋತು ಕೂತು, ನನ್ನ ಇಲ್ಲೇ ಹೂಳಿಬಿಡು ಮಗ ಅಂದ ಏರು ‘ಅವ್ವನೇರು’ ಆಯಿತು. ಬಾಯಲ್ಲಿನ ಎಲೆಅಡಿಕೆ ಮುಗಿಯುವಷ್ಟರಲ್ಲಿ ಮುಗಿಯುವ ದಾರಿ ‘ಎಲೆಬಾಯಿ’ ಆಯಿತು. ಪಕ್ಕದ ಗುಡಿಸಲ ಹೊಂಬಾಳಮ್ಮ ಮುಳ್ಳು ಚುಚ್ಚಿಸಿಕೊಂಡು ಬೆಟ್ಟವನ್ನೂ, ಜವನಯ್ಯನನ್ನೂ, ಅವನ ಏಳು ತಲೆಮಾರನ್ನೂ ಬೈದ ಬಳಸುದಾರಿಗೆ ‘ಬೈಗುಳದ ಬಳಸು’ ಅಂತಲೇ ಹೆಸರು ನಿಂತಿತು.

“ನಾನು ಸತ್ತ ಮ್ಯಾಲೂ ನನ್ನ ಬಾಯಿ ಸುದ್ದಿ ಬೆಟ್ಟದ ತುಂಬ ಇರ್ಲಿ ಅಂತ ಹಿಂಗ್ ಮಾಡ್ದಾ, ಹಾಳಾದವ್ನೆ?” ಅಂದಳಂತೆ ಹೊಂಬಾಳಮ್ಮ.

“ನಿನ್ನ ಬಾಯಿ ಸುದ್ದಿ ಈಗಾಗ್ಲೇ ಆಚೆ ಬೆಟ್ಟಕ್ಕೂ ಹೋಗ್ಯದ ಕಣಕ್ಕ, ನಾನೇನು ಹೊಸದಾಗಿ ಮಾಡ್ಲಿಲ್ಲ” ಅಂದನಂತೆ ಜವನಯ್ಯ.

ಜವನಯ್ಯನ ಹೆಂಡತಿ ಬೇಗ ತೀರಿಕೊಂಡಿದ್ದಳು. ಇದ್ದವಳು ಒಬ್ಬಳೇ ಮಗಳು, ಚಿಕ್ಕತಾಯಿ. ಅವಳನ್ನು ಬೆಟ್ಟದ ಆಚೆ ಮಗ್ಗುಲಿನ ಅತ್ತಿಗುಳಿ ಅನ್ನುವ ಊರಿಗೆ ಕೊಟ್ಟಿದ್ದ. ಒಳ್ಳೆಯ ಮನೆ, ಒಳ್ಳೆಯ ಗಂಡು. ಆದರೆ ಬೆಟ್ಟ ನಡುವೆ ಇತ್ತು. ಬೆಟ್ಟವನ್ನು ಸುತ್ತಿಕೊಂಡು ಹೋದರೆ ದಾರಿಯಲ್ಲಿ ಎರಡು ಕಡೆ ಮಲಗಿ ಎದ್ದು ಹೋಗಬೇಕು. ದನ ಇರುವವನು ಅಷ್ಟು ದಿನ ಬಿಟ್ಟು ಹೋಗಲಾರ. ಮಗಳು ಹೋದ ಮೇಲೆ ಜವನಯ್ಯ ಬೆಟ್ಟದ ನೆತ್ತಿಯನ್ನೇ ನೋಡುತ್ತ ಕೂರುತ್ತಿದ್ದನಂತೆ. ಉಣ್ಣುವಾಗಲೂ ಅತ್ತಲೇ ಮುಖವಂತೆ.

ಆಮೇಲೆ ಎದ್ದ. ಒಂದು ಬೇಸಿಗೆ ಪೂರ್ತಿ ಬೆಟ್ಟದಲ್ಲಿ ಅಲೆದ. ಕಾಲು ಒಡೆಯಿತು ಅನ್ನುತ್ತಾರೆ, ಕರಡಿ ಎದುರಾಗಿ ಕರಡಿಯೇ ಅವನಿಗೆ ಜಾಗ ಬಿಟ್ಟಿತು ಅಂತಲೂ ಅನ್ನುತ್ತಾರೆ. ಕರಡಿಯ ವಿಷಯ ಎಷ್ಟು ನಿಜವೋ, ಕೇಳಿದ್ದನ್ನು ಹೇಳಿದೆ. ದಾರಿ ಸಿಕ್ಕಿದ್ದಂತೂ ನಿಜ. ಬೆಳಗ್ಗೆ ಹೊರಟರೆ ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಅತ್ತಿಗುಳಿ. ಅದಕ್ಕೆ ‘ತವರುದಾರಿ’ ಅಂತ ಹೆಸರಿಟ್ಟ.

ಇಲ್ಲಿ ಬೆಟ್ಟದ ಆಕಾರ ತಿಳಿದರೆ ಮುಂದಿನದು ತಿಳಿಯುತ್ತದೆ. ಅತ್ತಿಗುಳಿಯಿಂದ ನೆತ್ತಿಗೆ ಹತ್ತುವುದು ಒಂದೇ ದಾರಿ. ನೆತ್ತಿಯಲ್ಲಿ ಅದು ಎರಡಾಗಿ ಒಡೆದು ಗೊರಸಿನದೊಡ್ಡಿಯ ಕಡೆಗೆ ಇಳಿಯುತ್ತದೆ. ಬಲಗಡೆಯದು ಬಿದಿರುಮೆಳೆಯ ಕತ್ತಲೆಯೊಳಗೆ ನುಗ್ಗುತ್ತದೆ. ನೋಡಿದರೆ ಎದೆ ಝಲ್ಲೆನ್ನುತ್ತದೆ, ಆದರೆ ಕಾಲಿಗೆ ಗಟ್ಟಿ ನೆಲ, ಸೀದಾ ಊರಿಗೆ ತಲುಪಿಸುತ್ತದೆ. ಅದೇ ತವರುದಾರಿ. ಎಡಗಡೆಯದು ಬಯಲುಹುಲ್ಲು, ಬಿಸಿಲು, ತಂಪುಗಾಳಿ. ಮಕ್ಕಳೂ ಓಡಿಹೋಗಬೇಕು ಅನ್ನಿಸುವ ಹಾಗೆ. ಆ ಹುಲ್ಲಿನ ತುದಿಯಲ್ಲಿ ಇಳಿಜಾರು ಬಂಡೆ, ಬಂಡೆಯ ತುದಿಯಲ್ಲಿ ಪ್ರಪಾತ. ಬಂಡೆಗೆ ಕಾಲಿಟ್ಟ ಮೇಲೆ ಹಿಂದಕ್ಕೆ ತಿರುಗಲು ಆಗುವುದಿಲ್ಲ. ಒಂದು ಕಾಟಿ, ಅಂದರೆ ಕಾಡುಕೋಣ, ಜಾರಿ ಬಿದ್ದದ್ದನ್ನು ಕಣ್ಣಾರೆ ಕಂಡ ಜವನಯ್ಯ ಅದಕ್ಕೆ ‘ಹೆಣಜಾರು’ ಅಂತ ಹೆಸರಿಟ್ಟಿದ್ದ.

ಹೊಸ ದಾರಿಯಲ್ಲಿ ಮೊದಲ ಸಲ ಅತ್ತಿಗುಳಿಗೆ ಹೋದಾಗ ಚಿಕ್ಕತಾಯಿ ಬಸುರಿ ಅಂತ ತಿಳಿಯಿತು. ಹೆರಿಗೆಗೆ ತವರಿಗೆ ಬರುವುದು ಪದ್ಧತಿ. ಏಳು ತಿಂಗಳು ತುಂಬಿದ ಅಮಾವಾಸ್ಯೆ ಕಳೆದ ಮಾರನೆಯ ಬೆಳಗ್ಗೆ ತಾನೇ ಬಂದು ಕರೆದೊಯ್ಯುತ್ತೇನೆ, ಸುತ್ತಿ ಬರುವ ಹಿಂಸೆ ಇನ್ನಿಲ್ಲ, ನಿನಗೋಸ್ಕರವೇ ಒಂದು ದಾರಿ ಹುಡುಕಿ ತವರುದಾರಿ ಅಂತ ಹೆಸರಿಟ್ಟಿದ್ದೇನೆ ಅಂತ ಹೇಳಿ ಬಂದ. ಅವಳು ಆ ಹೆಸರನ್ನು ಎರಡು ಮೂರು ಸಲ ಬಾಯಲ್ಲಿ ಹೇಳಿಕೊಂಡು ನಕ್ಕಳಂತೆ. ಅವಳು ಹೆಸರನ್ನು ಮಾತ್ರ ಕೇಳಿದ್ದಳು, ದಾರಿಯನ್ನು ಕಂಡಿರಲಿಲ್ಲ. ಇದನ್ನು ಮರೆಯಬಾರದು.

ಈ ನಡುವೆ ಬಿಟ್ಟಿ ಹಿಡಿಯುವವರ ಕಾಟ ಬಂತು. ಬಿಟ್ಟಿ ಅಂದರೆ ಕೂಲಿಯಿಲ್ಲದ ದುಡಿಮೆ. ಯಾವನೋ ಪಾಳೆಯಗಾರ ಕೋಟೆ ಕಟ್ಟಿಸುತ್ತಿದ್ದ. ಅವನ ಆಳುಗಳು ಊರೂರಿಗೆ ನುಗ್ಗಿ ಗಟ್ಟಿಮುಟ್ಟಾದವರನ್ನು ಕಲ್ಲು ಹೊರಲು ಎಳೆದೊಯ್ಯುತ್ತಿದ್ದರು. ಹೋದವರು ತಿರುಗಿ ಬಂದದ್ದು ಕಡಿಮೆ. ಗೊರಸಿನದೊಡ್ಡಿಗೆ ಬೆಟ್ಟವೇ ಗೋಡೆಯಾಗಿತ್ತು. ಬೆಟ್ಟ ಸುತ್ತಿ ಬಂದರೆ ಧೂಳು ದೂರದಿಂದಲೇ ಕಾಣುತ್ತಿತ್ತು, ಜನ ಕಾಡು ಸೇರುತ್ತಿದ್ದರು. ಈಗ ಆಳುಗಳು ಸಂತೆಗಳಲ್ಲಿ ತವರುದಾರಿ ಎಲ್ಲಿ ಅಂತ ವಿಚಾರಿಸುತ್ತಿದ್ದಾರೆ ಅನ್ನುವ ಸುದ್ದಿ ಬಂತು. ಹೆಸರು ಅಷ್ಟು ದೂರ ನಡೆದುಹೋಗಿತ್ತು.

ಊರೆಲ್ಲ ಜವನಯ್ಯನ ಮುಂದೆ ಬಂದು ಕೂತಿತು. ಮೊದಲು ಬಾಯಿ ತೆರೆದವಳು ಹೊಂಬಾಳಮ್ಮ. “ಮಗಳು ಬರ್ಲಿ ಅಂತ ಬಾಗ್ಲು ತೆಗ್ದೆ. ಕಳ್ರು ಬರೋಕೆ ಮುಂಚೆ ಅಗಳಿ ಹಾಕೋನೂ ನೀನೇ ಕಣಪ್ಪ” ಅಂದಳು.

ಜವನಯ್ಯ ಒಂದು ಉಪಾಯ ಹೇಳಿದನಂತೆ. ದಾರಿಯನ್ನು ಮುಚ್ಚಲಾಗುವುದಿಲ್ಲ, ಹೆಸರನ್ನು ಬದಲಿಸಬಹುದು. ಬಿದಿರುಮೆಳೆಯ ದಾರಿಯೇ ಹೆಣಜಾರು ಅಂತ, ಎಡಗಡೆಯ ಹುಲ್ಲಿನ ದಾರಿಯೇ ತವರುದಾರಿ ಅಂತ ಸುತ್ತಲಿನ ಎಲ್ಲ ಊರಿಗೂ ಸಾರೋಣ ಅಂದ. ಗೊರಸಿನದೊಡ್ಡಿಯವರಿಗೆ ಮಾತ್ರ ನಿಜ ಗೊತ್ತಿರಲಿ. ಹಾಗೇ ಮಾಡಿದರು. ಸಂತೆಯಲ್ಲಿ ಹೇಳಿದರು, ಕುರಿಯವರಿಗೆ ಹೇಳಿದರು, ಜೇನು ಕೀಳುವವರಿಗೆ ಹೇಳಿದರು. ಜವನಯ್ಯನೇ ಹೇಳಿದ ಅಂದ ಮೇಲೆ ಯಾರು ಅನುಮಾನಪಡುತ್ತಾರೆ? ಬೆಟ್ಟದ ಹೆಸರುಗಳೆಲ್ಲ ಅವನ ಬಾಯಿಂದ ಬಂದವೇ.

ಮಗಳಿಗೆ ಯಾಕೆ ಹೇಳಲಿಲ್ಲ ಅಂತ ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಹೇಗೂ ತಾನೇ ಹೋಗಿ ಕೈಹಿಡಿದು ಕರೆತರುವವನು, ಅವಳಿಗೆ ಹೆಸರು ಏನಕ್ಕೆ ಅಂದುಕೊಂಡ. ಬೀಗರ ಮನೆಯಲ್ಲಿ ಮಾತು ಬಾಯಿಂದ ಬಾಯಿಗೆ ಬಿದ್ದರೆ ಊರು ಹಾಳಾದೀತು ಅಂತಲೂ ಹೆದರಿದ. ಎರಡೂ ಸರಿಯಾದ ಯೋಚನೆಗಳೇ. ಸರಿಯಾದ ಯೋಚನೆಗಳೇ ಅವನನ್ನು ಕೊಂದವು ಅನ್ನುತ್ತಾರೆ ಹಿರಿಯರು.

ಉಪಾಯ ಫಲಿಸಿತು. ಬಿಟ್ಟಿ ಹಿಡಿಯುವವರು ಬೆಟ್ಟ ಹತ್ತಿ, ಎಡಕ್ಕೆ ತಿರುಗಿ, ಬಂಡೆಗೆ ಕಾಲಿಟ್ಟರು. ಮುಂದಿದ್ದವರು ಜಾರಿಹೋದರು, ಹಿಂದಿದ್ದವರು ಕಿರುಚುತ್ತ ಓಡಿಹೋದರು, ನಾಚಿಕೆಗೆ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಊರು ಉಳಿಯಿತು. ಹೊಂಬಾಳಮ್ಮನೇ ಬಂದು, ದೃಷ್ಟಿ ತಾಗದಿರಲಿ ಅಂತ ಜವನಯ್ಯನಿಗೆ ನೆಟಿಗೆ ಮುರಿದಳಂತೆ.

ಅಮಾವಾಸ್ಯೆ ಕಳೆಯಿತು. ಮಾರನೆಯ ಬೆಳಗ್ಗೆ ಜವನಯ್ಯ ಹೊಸ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡ. ಮಗಳು ದಾರಿಯಲ್ಲಿ ಕೂತರೆ ಹಾಸುವುದಕ್ಕೆ ಅದು. ಬಿದಿರುಮೆಳೆಯೊಳಗೆ ಹತ್ತಿದ, ನೆತ್ತಿ ದಾಟಿದ, ಆಚೆ ಇಳಿದ. ದಾರಿಯಲ್ಲಿ ಒಂದು ನರಪಿಳ್ಳೆಯೂ ಎದುರಾಗಲಿಲ್ಲ. ಅತ್ತಿಗುಳಿಯಲ್ಲಿ ಬೀಗಿತ್ತಿ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ಅವನು ಒಬ್ಬನೇ ಬಂದದ್ದನ್ನು ಕಂಡು ಮೊರ ಕೆಳಗಿಟ್ಟಳು.

“ಅಯ್ಯೋ ಬೀಗಪ್ಪ, ಅವಳು ಬೆಳಕು ಹರೀತಿದ್ದಂಗೇ ಹೊಂಟ್ಲಲ್ಲ! ಅಪ್ಪ ಬರೋ ದಾರೀಲೇ ಹೋಗಿ ಎದುರಾಯ್ತೀನಿ, ಅಪ್ಪನ್ನ ನಗುಸ್ತೀನಿ ಅಂದ್ಲು. ನಾನು ಬ್ಯಾಡ ಅಂದೆ, ಕೇಳ್ಲಿಲ್ಲ. ನಿಮಗೆ ಎದುರಾಗ್ಲಿಲ್ವಾ?”

ಎದುರಾಗಲಿಲ್ಲ. ಒಂದೇ ದಾರಿಯಲ್ಲಿ ಅವನು ಹತ್ತಿದ, ಅವಳು ಇಳಿದಳು ಅಂದರೆ ಎದುರಾಗಲೇಬೇಕು. ಜವನಯ್ಯ ಅಂಗಳದಲ್ಲಿ ನಿಂತು ಇದನ್ನು ಒಂದು ಸಲ ಯೋಚಿಸಿದ. ಎರಡನೆಯ ಸಲ ಯೋಚಿಸುವ ಹೊತ್ತಿಗೆ ಅವನ ಹೆಗಲಿನಿಂದ ಕಂಬಳಿ ಬಿದ್ದಿತ್ತು, ಅವನು ಓಡುತ್ತಿದ್ದ.

ನೆತ್ತಿಯ ಕವಲಿನಲ್ಲಿ ಬೇರೆ ಊರಿನ ಒಬ್ಬ ಕುರಿಯವನು, ದೂರ ಮೇಯಿಸಲು ಹೋಗಿ ಆಗಷ್ಟೇ ತಿರುಗಿ ಬಂದವನು, ಬುತ್ತಿ ಬಿಚ್ಚಿಕೊಂಡು ಕೂತಿದ್ದ. ಜವನಯ್ಯ ಓಡಿ ಬಂದು ಅವನ ಮುಂದೆ ನಿಂತ. ಕುರಿಯವನೇ ಹೇಳಿದ. “ನಿನ್ನ ಮಗಳನ್ನ ಬೆಳಗ್ಗೆ ಕಂಡೆ ಕಣಣ್ಣ. ತವರುದಾರಿ ಇದೇನಾ ಅಂತ ಆ ಕತ್ಲೆ ಮೆಳೆ ಕಡೆ ತಿರುಗ್ತಿದ್ಲು. ತಾಳವ್ವ, ತವರುದಾರಿ ಅದಲ್ಲ, ಎಡಕ್ಕದ ಅಂದೆ. ನಮ್ಮಪ್ಪ ನನಗೇ ಅಂತ ಹುಡುಕ್ದ ದಾರಿ ಇದು ಅಂತ ಎಷ್ಟು ಖುಷಿಯಾಗಿ ಹೋದ್ಲು! ಸರ್ಯಾಗೇ ತೋರ್ಸ್ದೆ, ಅಲ್ವಾ? ನೀನೇ ತಾನೆ ಹಂಗೆ ಹೇಳಿದ್ದು?”

ಆ ಕುರಿಯವನನ್ನು ಜವನಯ್ಯ ಬೈಯಲಿಲ್ಲ, ಹೊಡೆಯಲಿಲ್ಲ. ಸರಿಯಾಗೇ ತೋರಿಸಿದೆಯಪ್ಪ ಅಂದನಂತೆ. ಹಾಗಂದು ಎಡಕ್ಕೆ ಹೋದ.

ಬಂಡೆಯ ಅಂಚಿನವರೆಗೆ ಹುಲ್ಲಿನಲ್ಲಿ ಅವಳ ಹೆಜ್ಜೆ ಇತ್ತು, ಆಮೇಲೆ ಇರಲಿಲ್ಲ. ಮಗು ಉಳಿಯಿತು, ಅದನ್ನು ಬೆಟ್ಟವೇ ಸಾಕಿತು ಅಂತ ಕೆಲವರು ಕತೆ ಕಟ್ಟುತ್ತಾರೆ. ಹಾಗೆ ಹೇಳಿದರೆ ಕೇಳುವವರಿಗೆ ಸಮಾಧಾನ. ಆದರೆ ಮಗು ಉಳಿಯಲಿಲ್ಲ. ಜವನಯ್ಯ ಪ್ರಪಾತದ ಕೆಳಗಿನಿಂದ ಮಗಳನ್ನು ಹೆಗಲ ಮೇಲೆ ಹೊತ್ತು ತಂದ. ಅವ್ವನೇರು ಹತ್ತಿ, ಬೈಗುಳದ ಬಳಸು ಬಳಸಿ, ತಾನು ಹೆಸರಿಟ್ಟ ದಾರಿಗಳನ್ನೆಲ್ಲ ತುಳಿದು ತಂದ. ಊರ ಬಾಯಲ್ಲಿ ಹೊಂಬಾಳಮ್ಮ ಎದುರು ಬಂದು, ಚಿಕ್ಕತಾಯಿಯ ಕಾಲುಗಳನ್ನು ತನ್ನ ಸೆರಗಿನಿಂದ ಮುಚ್ಚಿದಳಂತೆ.

ಮಣ್ಣು ಮಾಡಿದ ಮೇಲೆ ಜವನಯ್ಯ ಊರೂರಿಗೆ ಹೋಗಿ ನಿಜ ಸಾರುತ್ತೇನೆ ಅಂತ ಹೊರಟ. ಊರು ಅವನ ಕಾಲಿಗೆ ಬಿತ್ತು. ನಿಜ ಹೇಳಿದರೆ ಬಿಟ್ಟಿ ಹಿಡಿಯುವವರು ನಾಳೆಯೇ ಬಿದಿರುಮೆಳೆಯಲ್ಲಿ ಇಳಿಯುತ್ತಾರೆ, ನಮ್ಮ ಮಕ್ಕಳನ್ನೂ ನೋಡಪ್ಪ ಅಂದರು. ಹೇಳದಿದ್ದರೆ ಇನ್ನೊಬ್ಬರ ಮಗಳು ಎಡಕ್ಕೆ ತಿರುಗುತ್ತಾಳೆ. ಹೇಳಿದರೂ ಹೆಣ, ಹೇಳದಿದ್ದರೂ ಹೆಣ. ಹೊರಟಿದ್ದ ಜವನಯ್ಯ ತಿರುಗಿ ಮನೆಗೆ ಬಂದನಂತೆ. ಆಮೇಲೆ ಬದುಕಿರುವವರೆಗೆ ಯಾವ ದಾರಿಯ ಹೆಸರನ್ನೂ ಅವನು ಹೇಳಲಿಲ್ಲ.

ದನಗಳನ್ನು ಊರಿಗೆ ಬಿಟ್ಟು, ನೆತ್ತಿಯ ಕವಲಿಗೆ ಹೋಗಿ ಕೂತ. ಗುಡಿಸಲು ಹಾಕಲಿಲ್ಲ, ಒಂದು ಬಂಡೆಯ ಮರೆ ಸಾಕಾಯಿತು. ಯಾರಾದರೂ ಬಂದರೆ ಎದ್ದು ಅವರ ಕೈ ಹಿಡಿದು, ಬಲಗಡೆಯ ಕತ್ತಲೆಯೊಳಗೆ ಊರು ಕಾಣುವವರೆಗೆ ಕರೆದೊಯ್ದು, ತಿರುಗಿ ಹತ್ತಿ ಬಂದು ಕೂರುತ್ತಿದ್ದ. ಆಯುಧ ಹಿಡಿದವರು ಬಂದರೆ ಬಂಡೆಯ ಹಿಂದಿನಿಂದ ಏಳುತ್ತಿರಲಿಲ್ಲ. ಹೆಣ್ಣುಮಕ್ಕಳು ಬಂದರೆ ಅವರಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತಿದ್ದ, ಮುಖ ತೋರಿಸುತ್ತಿರಲಿಲ್ಲ. ಮುಪ್ಪಿನಲ್ಲಿ ಕಣ್ಣು ಹೋದ ಮೇಲೂ ಹೀಗೇ ಮಾಡಿದ, ಕೊನೆಗೆ ಅಲ್ಲೇ ಕೂತಲ್ಲೇ ಹೋದ ಅಂತ ಹೇಳುತ್ತಾರೆ.

ಪಾಳೆಯಗಾರರೂ ಹೋದರು, ಕೋಟೆಯೂ ಬಿತ್ತು. ಆ ಎರಡು ದಾರಿಗಳಲ್ಲಿ ಯಾವುದಕ್ಕೆ ಯಾವ ಹೆಸರು ಅಂತ ಈಗ ಊರಿಗೊಂದು ಮಾತು. ಬೆನ್ನಿಗೆ ಚೀಲ ಕಟ್ಟಿಕೊಂಡು ಬೆಟ್ಟ ಹತ್ತುವ ಪಟ್ಟಣದ ಹುಡುಗರು ಬಂದು ದಾರಿಯ ಹೆಸರೇನು ಅಂತ ಕೇಳುತ್ತಾರೆ. ಗೊರಸಿನದೊಡ್ಡಿಯವರು ಹೆಸರು ಹೇಳುವುದಿಲ್ಲ, ಬೆರಳು ತೋರಿಸುವುದೂ ಇಲ್ಲ. ಒಲೆಯ ಮೇಲೆ ಎಸರು ಕುದಿಯುತ್ತಿದ್ದರೆ ಅದನ್ನು ಇಳಿಸಿಟ್ಟು, ಬನ್ನಿ ಅಂದು ಜೊತೆಯಲ್ಲಿ ಕವಲಿನವರೆಗೂ ಹತ್ತುತ್ತಾರೆ.

ಇನ್ನೊಂದು ಪದ್ಧತಿಯೂ ಇದೆ. ಬಸುರಿ ಮಗಳನ್ನು ಕರೆತರಲು ಹೋಗುವ ಅಪ್ಪ ಆ ಬೆಳಗ್ಗೆ ಮನೆಯಿಂದ ಹೊರಡುವುದಿಲ್ಲ. ಹಿಂದಿನ ದಿನವೇ ಹೋಗಿ ಬೀಗರ ಮನೆಯ ಹೊಸ್ತಿಲಿಗೆ ಅಡ್ಡಲಾಗಿ ಮಲಗುತ್ತಾನೆ. ಬೀಗರು ಆಡಿಕೊಂಡು ನಗುತ್ತಾರೆ, ನಗಲಿ. ಬೆಳಕು ಹರಿದಾಗ ಮಗಳು ಅವನನ್ನು ದಾಟಿಯೇ ಹೊರಗೆ ಬರಬೇಕು.