ಗರಡಿ ತಿರಕಪ್ಪ ಬರಿಗೈಲಿ ಮೇಲೆ ಬಂದ ವರ್ಷ

ಬಾವಿಗಳಲ್ಲಿ ಇನ್ನೂ ನೀರಿದ್ದ ಕಾಲ ಅದು. ಎಷ್ಟು ಹಿಂದೆ ಅಂತ ಕೇಳಬೇಡಿ. ನಮ್ಮ ಮುತ್ತಜ್ಜಿಯನ್ನು ಕೇಳಿದರೆ "ನಾ ಹುಟ್ಟಿದ ದಿನಾನ ನನಗ ಗೊತ್ತಿಲ್ಲ, ಅದನ್ನ ಹ್ಯಾಂಗ ಹೇಳ್ಲಿ" ಅಂತಿದ್ದಳಂತೆ. ಆ ಕಾಲದಲ್ಲಿ ಎರೆ ಸೀಮೆಯಲ್ಲಿ ಒಂದು ಊರು. ಊರ ನಡುವೆ ಒಂದು ದೊಡ್ಡ ಬಾವಿ. ಆ ಊರಲ್ಲಿ ಗರಡಿ ತಿರಕಪ್ಪ ಅಂತ ಒಬ್ಬ ಇದ್ದನಂತೆ.

ಗರಡಿ ಅಂದಕೂಡಲೇ ಪೈಲ್ವಾನ ಅಂದುಕೊಳ್ಳಬೇಡಿ. ತಿರಕಪ್ಪ ಗಾಳಿಗೆ ಹಾರುವಂಥ ಆಳು. ತೊಡೆ ತಟ್ಟಿದರೆ ಎಲುಬಿನ ಸಪ್ಪಳವೇ ಬರುತ್ತಿತ್ತಂತೆ. ಬಾವಿಗೆ ಬಿದ್ದ ಕೊಡ ಎತ್ತಲು ಹಗ್ಗಕ್ಕೆ ಕಟ್ಟಿ ಇಳಿಬಿಡುವ ಕೊಂಡಿಗಳ ಗೊಂಚಲು ಇದೆಯಲ್ಲ, ಪಾತಾಳಗರಡಿ, ಅದರಿಂದ ಬಂದ ಹೆಸರು. ಮೊದಲು ಗರಡಿ ಬಿಡುತ್ತಿದ್ದ. ಗರಡಿಗೆ ಸಿಗದಿದ್ದರೆ ತಾನೇ ಧುಮುಕುತ್ತಿದ್ದ.

ನೀರೊಳಗೆ ಎಷ್ಟು ಹೊತ್ತು ಇರುತ್ತಿದ್ದ? ಒಂದು ರೊಟ್ಟಿ ಬೇಯುವಷ್ಟು ಹೊತ್ತು ಅಂತಾರೆ ಕೆಳಗಿನ ಓಣಿಯವರು. ರೊಟ್ಟಿ ಬೆಂದು, ಅದನ್ನು ತಿಂದು, ಕೈ ತೊಳೆಯುವಷ್ಟು ಹೊತ್ತು ಅಂತಾರೆ ಮೇಲಿನ ಓಣಿಯವರು. ಹೊರಗಿನವರು ಕೇಳಿದರೆ ಎರಡೂ ಓಣಿಯವರು ಕೂಡಿ ಅದಕ್ಕೆ ಒಂದು ನಿದ್ದೆಯನ್ನೂ ಸೇರಿಸುತ್ತಾರೆ.

ಏನೇ ಬಿದ್ದಿರಲಿ, ತಿರಕಪ್ಪ ಬರಿಗೈಲಿ ಮೇಲೆ ಬಂದವನಲ್ಲ ಅಂತಾರೆ. ಗೌಡರ ಸೊಸೆಯ ಮೂಗುತಿ ತಂದ. ಪೂಜಾರಿಯ ಗಂಟೆ ತಂದ, ಬಾರಿಸಿಕೊಂಡೇ ಮೇಲೆ ಬಂದನಂತೆ. ಪಕ್ಕದೂರಿನ ಹೆಂಗಸೊಬ್ಬಳು ತಂಬಿಗೆ ಬಿತ್ತು ಅಂತ ಕರೆಸಿದಳು. ಅದು ಬಿದ್ದೇ ಇರಲಿಲ್ಲ, ಅವಳ ಹಿತ್ತಲಲ್ಲೇ ಇತ್ತು. ಆದರೂ ತಿರಕಪ್ಪ ಬರಿಗೈ ಯಾಕಂತ ಒಂದು ಕಪ್ಪೆ ಹಿಡಿದುಕೊಂಡು ಬಂದ. ಅವನಿಗೆ ಹೊಲ ಇರಲಿಲ್ಲ, ಎತ್ತು ಇರಲಿಲ್ಲ, ಮನೆಯಲ್ಲಿ ಮಣ್ಣಿನ ಗಡಿಗೆ ಬಿಟ್ಟರೆ ಪಾತ್ರೆ ಇರಲಿಲ್ಲ. ಸುತ್ತ ಹಳ್ಳಿಯವರು ಹೆಸರು ಕೇಳಿ ಕರೆಯುತ್ತಿದ್ದರು, ಜೋಳ ಕೊಡುತ್ತಿದ್ದರು. ಹೆಸರೇ ಅವನ ಹೊಲ.

ಹೀಗಿರುವಾಗ ಆ ವರ್ಷ ಬಂತು. ಸೋವಿ ವರ್ಷ ಅಂತಾರೆ ಅದಕ್ಕೆ, ಬೆಳೆದದ್ದೆಲ್ಲ ಅಗ್ಗವಾಗಿ ಹೋದ ವರ್ಷ. ಸಮುದ್ರದ ಆಚೆ ಯಾವುದೋ ದೇಶದಲ್ಲಿ ಪೇಟೆ ಕುಸಿಯಿತಂತೆ. ಅಲ್ಲಿ ಪೇಟೆ ಕುಸಿದರೆ ಇಲ್ಲಿ ನಮ್ಮ ಹತ್ತಿಗೆ ಏನಾಗಬೇಕು? ಅದು ಆಗ ಊರಲ್ಲಿ ಯಾರಿಗೂ ತಿಳಿಯಲಿಲ್ಲ. ನನಗೆ ಈಗಲೂ ತಿಳಿದಿಲ್ಲ. ಅಂತೂ ಹತ್ತಿ ಬೆಳೆದಿತ್ತು, ಕೊಳ್ಳುವವರಿಲ್ಲ. ಆ ಸೀಮೆಯಲ್ಲಿ ಬೆಲೆಗೆ ಧಾರಣಿ ಅಂತಾರೆ. ಯಾರು ಎದುರಾದರೂ ಒಂದೇ ಮಾತು, "ಧಾರಣಿ ಬಿತ್ತು, ಧಾರಣಿ ಬಿತ್ತು." ಧಾರಣಿ ಬಿದ್ದರೂ ಸರಕಾರದ ಕಂದಾಯ ಮಾತ್ರ ಬೀಳಲಿಲ್ಲ.

ದೇಶವೆಲ್ಲ ಎದ್ದು ನಿಂತ ವರ್ಷವೂ ಅದೇ ಅಂತಾರೆ. ಕಡಲ ದಂಡೆಯಲ್ಲಿ ಜನ ಉಪ್ಪು ಕಾಸಿದರು. ಪೇಟೆಯಲ್ಲಿ ಪರದೇಶದ ಬಟ್ಟೆ ಸುಟ್ಟರು. ಈ ಊರಿನವರು ಕಟ್ಟೆಯ ಮೇಲೆ ಕೂತು ಕಂದಾಯ ಕೊಡುವುದಿಲ್ಲ ಅಂತ ಆಣೆ ಮಾಡಿದರು. ಆಣೆ ಮಾಡಿದ ಮೇಲೆ ನೆನಪಾಯಿತು, ಜಪ್ತಿಯವರು ಬಂದು ಮನೆಮನೆಯ ತಾಮ್ರ, ಹಿತ್ತಾಳೆ ಎಲ್ಲ ಹೊತ್ತು ಹರಾಜು ಹಾಕುತ್ತಾರೆ ಅಂತ. ಮದುವೆಯಲ್ಲಿ ತವರಿನಿಂದ ತಂದ ಕೊಡ, ಹಂಡೆ, ತಂಬಿಗೆ! ಹೆಂಗಸರು ಎದೆಗೆ ಕೈ ಹಚ್ಚಿದರು.

ಚಿನ್ನವ್ವ ಅಂತ ಒಬ್ಬ ಮುದುಕಿ ತಿರಕಪ್ಪನ ಕಡೆ ನೋಡಿದಳಂತೆ. "ತಮ್ಮಾ, ಬಾವಿಯಿಂದ ತಗಿಯಾಂವ ನೀನು. ಬಾವಿಗೆ ಇಡಾಕೂ ಬರತೈತೇನ?"

ಬಂತು. ಇಡೀ ಊರಿನ ಪಾತ್ರೆಗಳನ್ನು ತಿರಕಪ್ಪ ಒಂದೊಂದಾಗಿ ಒಳಗೆ ಒಯ್ದು, ತಳದ ಪೊಟರೆಯಲ್ಲಿ ಜೋಡಿಸಿ, ಅಡ್ಡ ಕಲ್ಲಿಟ್ಟು ಬಂದ. ಯಾವ ಕೊಂಡಿಗೂ ಸಿಗದ ಹಾಗೆ.

ಒಬ್ಬ ಪೊಲೀಸನನ್ನು ಕಟ್ಟಿಕೊಂಡು ಜಪ್ತಿಗೆ ಫೌಜದಾರ ಬಂದ. ಕಡಲ ಕಡೆಯವನು, ಹೊಸದಾಗಿ ಬಂದವನು. ಮನೆಗಳಲ್ಲಿ ಬರೀ ಮಣ್ಣಿನ ಗಡಿಗೆ ಇದ್ದವು. ಗೂಡಿನ ಮಸಿಯಲ್ಲಿ ಮಾತ್ರ ಹಂಡೆ ಕೂತಿದ್ದ ದುಂಡನೆಯ ಗುರುತು. ಅವನೇನು ದಡ್ಡನಲ್ಲ. ಬಿಸಿಲಲ್ಲಿ ತಿರುಗಿ ದಣಿದು ಬಾವಿಕಟ್ಟೆಯ ಮೇಲೆ ಕೂತ, ನೀರು ಸೇದಿಸಿ ಹೊಟ್ಟೆ ತುಂಬ ಕುಡಿದ, ಆಮೇಲೆ ಬಾವಿಯೊಳಗೆ ಬಗ್ಗಿ ನೋಡಿ ನಕ್ಕ. ತಿರಕಪ್ಪನನ್ನು ಕರೆಸಿದ.

"ನಿನ್ನ ಹೆಸರು ದೊಡ್ಡದಂತೆ ಮಾರಾಯ. ಇಳಿ."

"ಹೆಸರು ಸಣ್ಣದ್ರಿ ಸಾಹೇಬ್ರ. ಬಾವಿ ದೊಡ್ಡದೈತಿ."

"ಬರಿಗೈಲಿ ಬಂದರೆ ಸುತ್ತಲಿನ ಊರಿಗೆಲ್ಲ ಡಂಗುರ ಹೊಡೆಸುತ್ತೇನೆ. ಗರಡಿ ತಿರಕಪ್ಪನ ಕೈಲಿ ಇನ್ನು ಏನೂ ಆಗುವುದಿಲ್ಲ ಅಂತ."

ತಿರಕಪ್ಪ ಧುಮುಕಿದ. ಊರು ಬಾವಿಯ ಸುತ್ತ ನಿಂತಿತು. ಒಂದು ತಂಬಿಗೆ ಮೇಲೆ ಬಂದರೆ ಸಾಕು, ಎಲ್ಲವೂ ಹೋದ ಹಾಗೆ. ಬರದಿದ್ದರೆ ತಿರಕಪ್ಪನ ಅನ್ನ ಹೋದ ಹಾಗೆ. ಒಳಗೆ ಅವನು ಏನು ಮಾಡಿದ? ಇದನ್ನು ಎಲ್ಲರೂ ಕೇಳುತ್ತಾರೆ. ತಾನೇ ಜೋಡಿಸಿದ ಕೊಡಗಳ ಮುಂದೆ ಸುಮ್ಮನೆ ಕೂತಿದ್ದ ಅಂತಾರೆ ಕೆಲವರು. ಒಂದೊಂದನ್ನೂ ಮುಟ್ಟಿ ಇದು ಚಿನ್ನವ್ವನದು, ಇದು ಇಂಥವರದು ಅಂತ ಎಣಿಸಿದ ಅಂತಾರೆ ಇನ್ನು ಕೆಲವರು. ನೀರೊಳಗೆ ಅತ್ತರೆ ಯಾರಿಗೂ ಗೊತ್ತಾಗುವುದಿಲ್ಲ, ಅದಕ್ಕೇ ತಡವಾಯಿತು ಅಂತಾನೂ ಅಂತಾರೆ.

ಮೇಲೆ ಬಂದ. ಎರಡೂ ಕೈ ಎತ್ತಿ ತೋರಿಸಿದ. ಬರಿಗೈ.

"ಏನೂ ಸಿಗಲಿಲ್ರಿ."

ಫೌಜದಾರ ಹಲ್ಲು ಕಡಿದ. "ಆಯಿತು. ನಾಳೆ ಎತ್ತು ಕಟ್ಟಿಸಿ ನೀರೆಲ್ಲ ಎತ್ತಿಸುತ್ತೇನೆ. ತಳ ಕಾಣಲಿ."

ಆಗ ಚಿನ್ನವ್ವನಿಗೆ ತಡೆಯಲಾಗಲಿಲ್ಲ. ಹತ್ತಿ ಹಾಗಾಯಿತು, ಕೊಡ ಹೀಗಾಯಿತು, ಎಲ್ಲದಕ್ಕೂ ಮೂಲ ಆ ಹಾಳು ಬೆಲೆ. ಬಾವಿಕಟ್ಟೆ ಹಿಡಿದು ಗಟ್ಟಿಯಾಗಿ ಅತ್ತಳು. "ಅಯ್ಯೋ, ಧಾರಣಿ ಬಿತ್ತಲ್ಲೋ ಯಪ್ಪಾ!"

ಫೌಜದಾರನ ಊರಲ್ಲಿ ಬೆಲೆಗೆ ಕ್ರಯ ಅಂತಾರೆ. ಅವನು ಬೆಚ್ಚಿದ. "ಎಂತದು? ಯಾರು ಬಿದ್ದದ್ದು?"

"ಧಾರಣಿರೀ!" ಅಂತ ಹೆಂಗಸರೆಲ್ಲ ಒಂದೇ ದನಿಯಲ್ಲಿ ಅತ್ತರು. ಆ ಸೀಮೆಯಲ್ಲಿ ಹುಡುಗಿ ಬಿದ್ದರೂ "ಬಿತ್ತು" ಅಂತಲೇ ಅನ್ನುತ್ತಾರೆ.

"ಯಾವಾಗ?"

"ಸುಗ್ಗಿಯಾಗರಿ!"

"ಸುಗ್ಗಿಯಲ್ಲಿ ಬಿದ್ದದ್ದನ್ನು ಇನ್ನೂ ಎತ್ತಲಿಲ್ಲವಾ?"

ತಿರಕಪ್ಪ ತಲೆ ಒರೆಸಿಕೊಳ್ಳುತ್ತ ಹೇಳಿದ, "ಎತ್ತಾಕ ಯಾರ ಕೈಲೂ ಆಗವಲ್ದ್ರಿ. ಸರಕಾರದ ಕೈಲೂ ಆಗವಲ್ದಂತ. ದಿನಾ ಇನ್ನಷ್ಟು ಕೆಳಗ ಹೊಂಟೈತಿ."

ನೋಡಿ, ಧಾರಣಿಯ ಮಾತಲ್ಲಿ ಯಾರೊಬ್ಬರೂ ಒಂದು ಸುಳ್ಳು ಹೇಳಲಿಲ್ಲ. ಫೌಜದಾರ ತಾನು ಕುಡಿದ ನೀರನ್ನು ನೆನೆಸಿಕೊಂಡ. ಹೊಟ್ಟೆ ಹಿಡಿದುಕೊಂಡು ಬೇಲಿಯ ಕಡೆ ಓಡಿದ. ಜೊತೆಗಿದ್ದ ಪೊಲೀಸ ಇದೇ ಸೀಮೆಯವನು, ಅವನ ಮನೆಯಲ್ಲೂ ಹತ್ತಿ ಬಿದ್ದಿತ್ತು. ರುಮಾಲಿನ ಚುಂಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದನಂತೆ. ಸಾಹೇಬರು ವಾಂತಿ ಮುಗಿಸಿ ಬಂದು, "ಆ ನೀರು ಯಾರೂ ಮುಟ್ಟಬಾರದು" ಅಂತ ಹುಕುಂ ಮಾಡಿ, ಹೆಣ ಎತ್ತಲು ಮೇಲಿನವರನ್ನು ಕರೆತರುತ್ತೇನೆಂದು ಕುದುರೆ ಹತ್ತಿದರು.

ಪೇಟೆಯಲ್ಲಿ ಮೇಲಿನ ಸಾಹೇಬ ಧಾರಣಿಯ ಅರ್ಥ ಹೇಳಿ ಎಷ್ಟು ನಕ್ಕನೋ ಏನೋ, ಫೌಜದಾರ ಮತ್ತೆ ಆ ಊರ ಕಡೆ ಕಾಲಿಡಲಿಲ್ಲ. ಆದರೆ ಸಿಟ್ಟು ತೀರಬೇಕಲ್ಲ? ಧಾರಣಿಯ ಸುದ್ದಿ ಹೇಳಿದರೆ ತನ್ನ ಮಾನವೇ ಹೋಗುತ್ತದೆ. ಅದಕ್ಕೆ ಇನ್ನೊಂದನ್ನು ಸಾರಿಸಿದ. ಊರೂರಿಗೆ ಡಂಗುರ ಹೋಯಿತು: ಗರಡಿ ತಿರಕಪ್ಪ ಬರಿಗೈಲಿ ಬಂದ, ಬರಿಗೈಲಿ ಬಂದ.

ಅಲ್ಲಿಗೆ ತಿರಕಪ್ಪನ ಹೆಸರು ಹೋಯಿತು. ಯಾವ ಊರಿನವರೂ ಕರೆಯಲಿಲ್ಲ. "ಕಪ್ಪೀನಾದ್ರೂ ಹಿಡಕೊಂಡು ಬರಬಾರದಿತ್ತೇನು?" ಅಂದಳಂತೆ ಹೆಂಡತಿ ಬಾಳವ್ವ. "ಹುಡುಕಿದ್ನೆ. ಕೊಡದಾಗ ಹೊಕ್ಕೊಂಡು ಕುಂತಿತ್ತು" ಅಂದನಂತೆ ತಿರಕಪ್ಪ. ಸಂತೆಗೆ ಹೋದರೆ ಜನ ಅವನ ಕೈ ನೋಡಿ ನಗುತ್ತಿದ್ದರು. ನಿಜ ಹೇಳುವಂತಿರಲಿಲ್ಲ, ಪಾತ್ರೆಗಳು ಇನ್ನೂ ನೀರಲ್ಲಿದ್ದವು. ಊರಿನವರು ಮನೆಗೊಂದು ರೊಟ್ಟಿ ಕೊಟ್ಟು ಅವನನ್ನು ಸಾಕಿದರು.

ಕೊನೆಗೆ ದೊಡ್ಡವರು ದೊಡ್ಡವರು ಮಾತಾಡಿ ರಾಜಿಯಾದರು, ಜಪ್ತಿ ನಿಂತಿತು, ಚಳವಳಿಯಲ್ಲಿ ಜೈಲಿಗೆ ಹೋದವರು ಮನೆಗೆ ಬಂದರು. ತಿರಕಪ್ಪ ಬಾವಿಗೆ ಇಳಿದು ಒಂದು ಚಮಚವೂ ಬಿಡದ ಹಾಗೆ ಎಲ್ಲವನ್ನೂ ಎತ್ತಿಕೊಟ್ಟ. ಊರು ಕುಣಿಯಿತು. ಆದರೆ ಹೊರಗಿನವರು ಯಾರು ನಂಬುತ್ತಾರೆ? ಡಂಗುರ ಕೇಳಿದ ಕಿವಿಗೆ ಬೇರೆ ಮಾತು ಹೋಗಲಿಲ್ಲ.

ಆಗ ಚಿನ್ನವ್ವ ತನ್ನ ಕೊಡ ಹೊತ್ತುಕೊಂಡು ಕಂಚುಗಾರನ ಹತ್ತಿರ ಹೋದಳು. ಮರಳಿ ಬಂದು ತಿರಕಪ್ಪನ ಮುಂದೆ ಇಟ್ಟಳು. ಕೊಡದ ಕಂಠದ ಮೇಲೆ ಏನೋ ಕೊರೆದಿತ್ತು. ಅವನಿಗೆ ಓದಲು ಬರುತ್ತಿರಲಿಲ್ಲ. ಇದೇನಬೇ ಅಂತ ಕೇಳಿದ.

"ನಿನ್ನ ಹೆಸರ ತಮ್ಮಾ. ಇದು ನೀರಾಗ ಬಿದ್ರೂ ಹೋಗಂಗಿಲ್ಲ."

ತಿರಕಪ್ಪ ಬೆರಳಾಡಿಸಿ ಒಂದೊಂದು ಅಕ್ಷರವನ್ನೂ ಮುಟ್ಟಿ ನೋಡಿದನಂತೆ.

ಆ ಊರಿನಲ್ಲಿ ಇವತ್ತಿಗೂ ಮದುವೆಗೆ ಪಾತ್ರೆ ಕೊಂಡರೆ ಮೊದಲನೆಯದಕ್ಕೆ ಗಂಡಿನ ಹೆಸರಿಲ್ಲ, ಹೆಣ್ಣಿನ ಹೆಸರಿಲ್ಲ. "ತಿರಕಪ್ಪ" ಅಂತ ಹಾಕಿಸುತ್ತಾರೆ, ಈಗಿನ ಸ್ಟೀಲಿನ ಚೊಂಬಾದರೂ ಸರಿ. ಹೊಸ ಬೀಗರು ಬಂದಾಗ ಒಂದು ಮನೆಯಲ್ಲಿ ನೀರು ಕುಡಿದು ಹೆಸರು ಓದುತ್ತಾರೆ, ಇನ್ನೊಂದು ಮನೆಯಲ್ಲಿ ಕುಡಿದು ಅದೇ ಹೆಸರು ಓದುತ್ತಾರೆ. "ಈ ತಿರಕಪ್ಪನವರು ಭಾರಿ ಸಾವುಕಾರರು ಇರಬೇಕಲ್ರೀ?" ಅಂತ ಕೇಳುತ್ತಾರೆ.

"ಹೌದ್ರಿ" ಅಂತಾರೆ ಊರಿನವರು. "ಊರಾಗಿನ ಭಾಂಡೆ ಎಲ್ಲಾ ಅವರವ. ನಾವು ಸುಮ್ನ ಇಟ್ಕೊಂಡೇವಿ."